ಹತ್ತು ದಿನಗಳ ಸೇವಾಯಾತ್ರೆ, ಹನ್ನೊಂದನೆಯ ದಿನದ ಲೆಕ್ಕ

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯ ಯುವಜನ ಕೂಟದ ಹದಿನೆಂಟು ಮಂದಿ ಬರುವ ವರ್ಷ ಬೇರೊಂದು ದೇಶಕ್ಕೆ ಹತ್ತು ದಿನಗಳ ಸೇವಾಯಾತ್ರೆ ಹೊರಡಬೇಕೆಂದಿದ್ದೇವೆ. ಅನಾಥಾಲಯವೊಂದರ ಮಕ್ಕಳೊಂದಿಗೆ ನಾಲ್ಕು ದಿನ, ಮಾನವ ಕಳ್ಳಸಾಗಣೆಯಿಂದ ಬಿಡುಗಡೆಯಾದ ಹೆಣ್ಣುಮಕ್ಕಳ ಆಶ್ರಯಧಾಮದಲ್ಲಿ ಎರಡು ದಿನ, ಉಳಿದ ದಿನಗಳಲ್ಲಿ ಸಾಲಕ್ಕೆ ಸಿಕ್ಕಿ ದುಡಿಯುವ ಕುಟುಂಬಗಳ ಕೇರಿಯಲ್ಲಿ ವೈದ್ಯಕೀಯ ಶಿಬಿರ ಮತ್ತು ಒಂದು ಮನೆ ಕಟ್ಟಿಕೊಡುವ ಕೆಲಸ, ಇದು ಕಾರ್ಯಕ್ರಮ. ಸಭೆಯ ಹಿರಿಯರೊಬ್ಬರು ವಿಮಾನದ ಖರ್ಚನ್ನೇ ಅವರಿಗೆ ಕಳುಹಿಸಿಬಿಡಿ ಎನ್ನುತ್ತಾರೆ. ಸಭಾಪಾಲಕರು ಹೋಗಲೇಬೇಕು ಎನ್ನುತ್ತಾರೆ. ತಂಡದ ಹೊಣೆ ನನ್ನ ಮೇಲಿದೆ. ನಾವು ಹೋಗಬಹುದೇ? ಹೋದರೆ ಹೇಗೆ ನಡೆದುಕೊಳ್ಳಬೇಕು?

ಉತ್ತರ:

ನೀವು ಹೋಗಬಹುದು. ಆದರೆ ಈಗ ಹಾಕಿಕೊಂಡಿರುವ ಕಾರ್ಯಕ್ರಮದ ಪ್ರಕಾರ ಹೋಗಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅನಾಥಾಲಯದ ನಾಲ್ಕು ದಿನಗಳನ್ನು ಪೂರ್ತಿಯಾಗಿ ಕೈಬಿಡಬೇಕು. ಆಶ್ರಯಧಾಮದ ಎರಡು ದಿನಗಳಲ್ಲಿ ಏನು ನಡೆಯಬೇಕೆಂಬುದನ್ನು ಅಲ್ಲಿನ ಸಿಬ್ಬಂದಿಯೇ ತೀರ್ಮಾನಿಸಬೇಕು. ಶಿಬಿರ ಮತ್ತು ಮನೆಯ ಕೆಲಸಗಳಲ್ಲಿ ಆ ಊರಿನವರು ಮುಂದೆ, ನೀವು ಅವರ ಹಿಂದೆ ನಿಲ್ಲಬೇಕು. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದೇನು ಎಂದು ನೀವು ಕೇಳುವುದು ಸಹಜ. ಉಳಿಯುವ ಕೆಲಸ ಚಿಕ್ಕದು, ಆದರೆ ನೀವು ಹೊರಟುಬಂದ ಮೇಲೂ ಅಲ್ಲಿನವರ ಉಪಯೋಗಕ್ಕೆ ಬರುವಂಥದ್ದು.

ಸೇವಾಯಾತ್ರೆಗೆ ಹೊರಡುವ ತಂಡಗಳು ಸಾಮಾನ್ಯವಾಗಿ ಓದುವ ಭಾಗವೆಂದರೆ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿರುವ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನನ್ನು ಛತ್ರಕ್ಕೆ ಸೇರಿಸಿದ ಸಮಾರ್ಯದವನ ಸಾಮ್ಯಕಥೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ ಕೈಗಳನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಆ ಬಳಿಕ ನಡೆದದ್ದರ ಕಡೆಗೆ ಗಮನ ಹರಿಯುವುದು ಕಡಿಮೆ. ಆ ಸಮಾರ್ಯದವನು ಛತ್ರದಲ್ಲಿ ಉಳಿದದ್ದು ಒಂದೇ ರಾತ್ರಿ. ಮರುದಿನ ಅವನು ಎರಡು ದಿನಾರಿ ನಾಣ್ಯಗಳನ್ನು, ಎಂದರೆ ಕೂಲಿಯವನ ಎರಡು ದಿನದ ಸಂಬಳದಷ್ಟು ಹಣವನ್ನು, ಛತ್ರದವನ ಕೈಗೆ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗಿ ಬರುವಾಗ ತೀರಿಸುವೆನೆಂದು ಮಾತು ಕೊಟ್ಟು ತನ್ನ ದಾರಿ ಹಿಡಿದನು. ಅವನು ಕಡಿಮೆ ಹೊತ್ತು ಇದ್ದುದರಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ಗಾಯಾಳುವಿನ ಪಕ್ಕದಲ್ಲಿ ಮರುದಿನವೂ ಇರುವವನೊಬ್ಬನಿದ್ದಾನೆಂಬುದನ್ನು ಅವನು ಖಚಿತಪಡಿಸಿಕೊಂಡಿದ್ದನು, ಆ ಮನುಷ್ಯನನ್ನು ನಂಬಿದನು, ಅವನಿಗೆ ಹಣ ಕೊಟ್ಟನು, ಮತ್ತೆ ಬರುವೆನೆಂದನು. ನಿಮ್ಮ ಯಾತ್ರೆಯ ಪ್ರತಿಯೊಂದು ಅಂಶವನ್ನೂ ನಾನು ಈ ಛತ್ರದವನ ಕಡೆಯಿಂದ ನೋಡುತ್ತೇನೆ. ನಿಮಗೆ ಹತ್ತು ದಿನ. ಅಲ್ಲಿನ ಶುಶ್ರೂಷಕಿಗೆ, ಸಮಾಜ ಕಾರ್ಯಕರ್ತನಿಗೆ, ಆ ಊರಿನ ಚಿಕ್ಕ ಸಭೆಯ ಪಾಲಕರಿಗೆ ಹನ್ನೊಂದನೆಯ ದಿನದಿಂದ ಮುಂದಿನದ್ದೆಲ್ಲವೂ ಇದೆ.

ಅನಾಥಾಲಯದ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸಿನ ತಂಡಗಳು ಅತಿ ಹೆಚ್ಚು ಹಾನಿ ಮಾಡಿರುವುದು ಅಲ್ಲಿಯೇ. ಲೋಕದಾದ್ಯಂತ ಇಂಥ ಸಂಸ್ಥೆಗಳಲ್ಲಿರುವ ಮಕ್ಕಳಲ್ಲಿ ಐವರಲ್ಲಿ ನಾಲ್ವರಿಗಾದರೂ ತಂದೆ ಅಥವಾ ತಾಯಿ ಬದುಕಿದ್ದಾರೆ ಎಂಬುದು ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ದೊಡ್ಡ ಸಂಸ್ಥೆಗಳು ಬಹಳ ವರ್ಷಗಳಿಂದ ಹೇಳುತ್ತಿರುವ ಮಾತು. ಆ ಮಕ್ಕಳನ್ನು ಮನೆಯಿಂದ ದೂರ ಮಾಡಿದ್ದು ಬಹುಪಾಲು ಬಡತನವೇ ಹೊರತು ಸಾವಲ್ಲ. ಕಾಂಬೋಡಿಯಾದಲ್ಲಿ 2005ರಿಂದ 2010ರವರೆಗಿನ ಐದು ವರ್ಷಗಳಲ್ಲಿ ಇಂಥ ಸಂಸ್ಥೆಗಳ ಸಂಖ್ಯೆ ಸುಮಾರು ಶೇಕಡಾ 75ರಷ್ಟು ಏರಿತು. ಆ ಅವಧಿಯಲ್ಲಿ ಅಲ್ಲಿ ಅನಾಥರ ಸಂಖ್ಯೆಯೇನೂ ಹಾಗೆ ಏರಿರಲಿಲ್ಲ; ಏರಿದ್ದು ಮಕ್ಕಳನ್ನು ನೋಡಲು, ಆಡಿಸಲು, ದಾನ ಕೊಡಲು ಬರುವ ವಿದೇಶಿಯರ ಸಂಖ್ಯೆ. ನೋಡುಗರು ಬಂದಷ್ಟೂ ತೋರಿಸಲು ಮಕ್ಕಳು ಬೇಕಾಗುತ್ತಾರೆ. ಒಳ್ಳೆಯ ಶಾಲೆ, ಹೊಟ್ಟೆ ತುಂಬ ಊಟ ಸಿಗುತ್ತದೆಂದು ಹಳ್ಳಿಯ ಬಡ ತಂದೆತಾಯಿಯರಿಗೆ ಹೇಳಿ ಮಕ್ಕಳನ್ನು ಕರೆತರುವ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಮಕ್ಕಳ ಹಕ್ಕುಗಳ ಕುರಿತು ಅಂಗೀಕರಿಸಿದ ನಿರ್ಣಯದಲ್ಲಿ, ಅನಾಥಾಲಯಗಳಲ್ಲಿ ನಡೆಯುವ ಸ್ವಯಂಸೇವಾ ಪ್ರವಾಸಗಳು ಮಕ್ಕಳ ಸಾಗಣೆಗೆ ದಾರಿಯಾಗಬಲ್ಲವೆಂದು ಗುರುತಿಸಿ, ಅದನ್ನು ತಡೆಯುವಂತೆ ಸದಸ್ಯ ರಾಷ್ಟ್ರಗಳನ್ನು ಕೇಳಿಕೊಂಡಿತು. ಶೋಷಣೆಯ ವಿರುದ್ಧ ಹೊರಟ ತಂಡವೇ ಶೋಷಣೆಗೆ ಗಿರಾಕಿಯಾಗುವ ಸಾಧ್ಯತೆ ಹೀಗೆ ಎದುರಾಗುತ್ತದೆ.

ಹೈಟಿಯಲ್ಲಿ ನಡೆದದ್ದನ್ನು ನಿಮ್ಮ ತಂಡದ ಪ್ರತಿಯೊಬ್ಬರೂ ತಿಳಿದಿರಬೇಕು. 2010ರ ಜನವರಿ 12ರ ಭೂಕಂಪದಲ್ಲಿ ಆ ದೇಶದ ರಾಜಧಾನಿಯೇ ನೆಲಸಮವಾಯಿತು. ಆ ತಿಂಗಳ ಕೊನೆಯಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳಿಂದ ಬಂದಿದ್ದ ಹತ್ತು ಮಂದಿ, ಸರಿಯಾದ ಕಾಗದಪತ್ರಗಳಿಲ್ಲದೆ 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಡೊಮಿನಿಕನ್ ಗಣರಾಜ್ಯಕ್ಕೆ ದಾಟಿಸಲು ಹೊರಟಾಗ ಗಡಿಯಲ್ಲಿ ಬಂಧಿತರಾದರು. ತಾವು ಅನಾಥರನ್ನು ಉಳಿಸುತ್ತಿದ್ದೇವೆಂಬುದು ಅವರ ಮಾತಾಗಿತ್ತು. ವಿಚಾರಿಸಿದಾಗ ಆ ಮಕ್ಕಳಲ್ಲಿ ಬಹುಪಾಲಿನವರಿಗೆ ತಂದೆತಾಯಿಯರಿದ್ದರು. ಶಾಲೆ ಮತ್ತು ಒಳ್ಳೆಯ ಬದುಕಿನ ಭರವಸೆಯನ್ನು ನಂಬಿ ಅವರೇ ತಮ್ಮ ಮಕ್ಕಳನ್ನು ಒಪ್ಪಿಸಿದ್ದರು. ಆ ಹತ್ತು ಮಂದಿಯಲ್ಲಿ ಬಹುಪಾಲಿನವರು ದುರುದ್ದೇಶದಿಂದ ಹೋಗಿದ್ದರೆಂದು ನಾನು ನಂಬುವುದಿಲ್ಲ. ಅವರು ಯಾರನ್ನೂ ಕೇಳಿರಲಿಲ್ಲ, ಅಥವಾ ಕೇಳಬೇಕಾದವರನ್ನು ಕೇಳಿರಲಿಲ್ಲ.

ಇನ್ನೊಂದು ಹಾನಿ ಮೆಲ್ಲನೆ ನಡೆಯುವಂಥದ್ದು. ಬಾಗಿಲಲ್ಲಿ ನೀವು ಕಾಲಿಟ್ಟ ಕೂಡಲೇ ಓಡಿಬಂದು ಕೊರಳಿಗೆ ಜೋತುಬೀಳುವ ಮಗುವನ್ನು ಕಂಡು ತಂಡದವರ ಕಣ್ಣಲ್ಲಿ ನೀರು ಬರುತ್ತದೆ, ದೇವರೇ ನಮ್ಮನ್ನು ಇಲ್ಲಿಗೆ ಕಳುಹಿಸಿದನು ಎನ್ನಿಸುತ್ತದೆ. ತನ್ನವರ ಆಸರೆಯಲ್ಲಿ ಬೆಳೆಯುತ್ತಿರುವ ಮಗು ಗುರುತಿಲ್ಲದವರನ್ನು ಕಂಡರೆ ತಾಯಿಯ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ. ಯಾರನ್ನು ಕಂಡರೂ ಅಪ್ಪಿಕೊಳ್ಳುವುದು, ನಿಶ್ಚಿತವಾದ ಒಂದು ಮಡಿಲು ಸಿಗದೆ ಬೆಳೆದ ಮಗುವಿನಲ್ಲಿ ಮನೋವೈದ್ಯರು ಗುರುತಿಸುವ ಲಕ್ಷಣ. ನಾಲ್ಕು ದಿನ ಪ್ರೀತಿ ಕೊಟ್ಟು ಐದನೆಯ ದಿನ ಹೊರಟುಬಿಡುವ ತಂಡ, ಅದರ ಹಿಂದೆ ಬರುವ ಇನ್ನೊಂದು ತಂಡ, ಮತ್ತೊಂದು ತಂಡ, ಹೀಗೆ ಆ ಮಗುವಿಗೆ ಬಿಟ್ಟುಹೋಗುವವರ ಪರಿಚಯವೇ ಅಭ್ಯಾಸವಾಗುತ್ತದೆ. ಕೆಲವು ವರ್ಷಗಳ ಹಿಂದೆ ನಾನೂ ಅಂಥ ಒಂದು ತಂಡದಲ್ಲಿದ್ದೆ. ಹೊರಡುವ ದಿನ ಕೈ ಬಿಡಿಸಿಕೊಂಡ ಹುಡುಗನ ಮುಖ ನನಗೆ ಇಂದಿಗೂ ಮರೆತಿಲ್ಲ, ಅಂದು ಅದನ್ನು ನಮ್ಮ ಸೇವೆಗೆ ಸಿಕ್ಕ ಫಲವೆಂದು ಸಭೆಯ ಮುಂದೆ ಹೇಳಿದ್ದಕ್ಕಾಗಿ ನನಗೆ ದುಃಖವಿದೆ.

ಆದ್ದರಿಂದ ಆ ಸಂಸ್ಥೆಗೆ ಈಗಲೇ ಪತ್ರ ಬರೆದು ಕೆಲವು ಪ್ರಶ್ನೆಗಳನ್ನು ಕೇಳಿ. ಸರ್ಕಾರದ ನೋಂದಣಿ ಇದೆಯೇ? ಎಷ್ಟು ಮಕ್ಕಳಿಗೆ ತಂದೆತಾಯಿ ಅಥವಾ ಹತ್ತಿರದ ಬಂಧುಗಳಿದ್ದಾರೆ, ಅವರು ಎಷ್ಟು ಬಾರಿ ಬಂದು ನೋಡುತ್ತಾರೆ? ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಹಿಂದಿರುಗಿದರು? ಹೊರಗಿನಿಂದ ಬರುವವರ ಪೂರ್ವಾಪರವನ್ನು ಹೇಗೆ ಪರೀಕ್ಷಿಸುತ್ತೀರಿ? ಕೊನೆಯ ಪ್ರಶ್ನೆಗೆ "ಅದೆಲ್ಲ ಬೇಡ, ನೀವು ಸಭೆಯವರಲ್ಲವೇ, ಧಾರಾಳವಾಗಿ ಬನ್ನಿ" ಎಂಬ ಉತ್ತರ ಬಂದರೆ, ಅಲ್ಲಿಗೆ ಯಾರು ಬೇಕಾದರೂ ಬರಬಹುದೆಂದು ಅರ್ಥ. ಮಕ್ಕಳನ್ನು ಹುಡುಕಿಕೊಂಡು ಹೋಗುವ ದುಷ್ಟರಿಗೂ ಅದು ಗೊತ್ತಿರುತ್ತದೆ. ಮಕ್ಕಳಿಗೆ ನೆರವಾಗಲೇಬೇಕೆಂಬ ಹಂಬಲ ನಿಮ್ಮ ಸಭೆಗಿದ್ದರೆ, ಕುಟುಂಬಗಳು ಒಡೆಯದಂತೆ ನೋಡಿಕೊಳ್ಳುವ, ಬೇರ್ಪಟ್ಟ ಮಕ್ಕಳನ್ನು ಮನೆಗೆ ಸೇರಿಸುವ ಕೆಲಸಕ್ಕೆ ಕಾಣಿಕೆ ಕೊಡಿ. ಒಂದು ಮಗುವನ್ನು ಸಂಸ್ಥೆಯಲ್ಲಿಟ್ಟು ಸಾಕುವ ಖರ್ಚು, ಅದೇ ಮಗುವನ್ನು ಮನೆಯಲ್ಲಿ ಉಳಿಸಲು ಕುಟುಂಬಕ್ಕೆ ಆಸರೆಯಾಗುವ ಖರ್ಚಿಗಿಂತ ಹಲವು ಪಟ್ಟು ಹೆಚ್ಚು.

ಆಶ್ರಯಧಾಮದ ಮಾತು ಬೇರೆ. ಅದು ಒಳ್ಳೆಯ ಸಂಸ್ಥೆಯಾಗಿದ್ದರೆ, ನೀವು ನಿವಾಸಿಗಳನ್ನು ಭೇಟಿಯಾಗದೆಯೇ ಹಿಂದಿರುಗುವ ಸಾಧ್ಯತೆ ಹೆಚ್ಚು. ಹಾಗಾದರೆ ಬೇಸರಪಡಬೇಡಿ, ಅದೇ ಆ ಸಂಸ್ಥೆ ಒಳ್ಳೆಯದೆಂಬುದಕ್ಕೆ ಗುರುತು. ಮಾರಾಟವಾದ ಹೆಣ್ಣುಮಗಳನ್ನು ಹುಡುಕುತ್ತಿರುವವರು ಹೊರಗಿರುತ್ತಾರೆ. ಆ ಮನೆಯ ವಿಳಾಸ, ಗೋಡೆಯ ಬಣ್ಣ, ಕಿಟಕಿಯಿಂದ ಕಾಣುವ ಬೀದಿ ಯಾವುದೂ ನಿಮ್ಮ ಮೊಬೈಲಿನಲ್ಲಿ ಇರಬಾರದು. ಕಳ್ಳಸಾಗಣೆಗೆ ಒಳಗಾದ ಮಹಿಳೆಯರನ್ನು ಮಾತಾಡಿಸುವ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹತ್ತು ಸೂತ್ರಗಳ ಮಾರ್ಗದರ್ಶಿಯನ್ನು ಪ್ರಕಟಿಸಿತು. ಅದರ ಮೊದಲ ಸೂತ್ರ, ಹಾನಿ ಮಾಡಬಾರದು ಎಂಬುದು. ತನ್ನ ಕಥೆಯನ್ನು ಹೇಳುವಾಗ ಮನಸ್ಸು ಆ ಕೋಣೆಗೆ, ಆ ರಾತ್ರಿಗೆ ಹಿಂದಿರುಗುತ್ತದೆ. ಕೇಳಿದವರು ಕಣ್ಣೊರೆಸಿಕೊಂಡು ಹೊರಟ ಮೇಲೆ ಅವಳನ್ನು ಅಲ್ಲಿಂದ ಈಚೆಗೆ ಕರೆತರುವವಳು ಆ ರಾತ್ರಿಯ ಪಾಳಿಯ ಸಿಬ್ಬಂದಿ.

ಇಲ್ಲಿ ಸಭೆಯವರಾದ ನಾವು ವಿಶೇಷವಾಗಿ ಎಚ್ಚರದಿಂದಿರಬೇಕು. ಸಾಕ್ಷಿ ಹೇಳುವುದು ನಮ್ಮ ಆರಾಧನೆಯ ಭಾಗ, ಕತ್ತಲೆಯಿಂದ ಬೆಳಕಿಗೆ ಬಂದ ಕಥೆಯನ್ನು ಕೇಳಿ ದೇವರಿಗೆ ಸ್ತೋತ್ರ ಸಲ್ಲಿಸುವುದು ನಮ್ಮ ರೂಢಿ. ಆದ್ದರಿಂದ ಅವಳ ಸಾಕ್ಷಿ ಕೇಳಬೇಕೆಂಬ ಆಸೆ ನಮಗೆ ತಪ್ಪೆನಿಸುವುದಿಲ್ಲ. ಆದರೆ ವರ್ಷಗಟ್ಟಲೆ ಇನ್ನೊಬ್ಬರ ಇಷ್ಟದಂತೆ ನಡೆದು ಜೀವ ಉಳಿಸಿಕೊಂಡವಳು, ತನ್ನ ಎದುರಿಗೆ ಅಧಿಕಾರ ಅಥವಾ ಹಣ ಇರುವವರು ಕೇಳಿದ್ದಕ್ಕೆಲ್ಲ ಹೂಂ ಎನ್ನುವುದನ್ನು ಕಲಿತಿರುತ್ತಾಳೆ. ಕಥೆ ಹೇಳು ಎಂದರೆ ಹೇಳುತ್ತಾಳೆ, ಪ್ರಾರ್ಥನೆ ಮಾಡೋಣವೇ ಎಂದರೆ ತಲೆ ಬಾಗಿಸುತ್ತಾಳೆ, ಯೇಸುವನ್ನು ನಂಬುವೆಯಾ ಎಂದರೆ ನಂಬುತ್ತೇನೆ ಎನ್ನುತ್ತಾಳೆ. ಬೇಡ ಎನ್ನಲು ಧೈರ್ಯವಿಲ್ಲದವಳ ಹೌದು ಎಂಬ ಮಾತನ್ನು ಸುವಾರ್ತೆಯ ಫಲವೆಂದು ಎಣಿಸಬೇಡಿ. ಅವಳಿಗೆ ಕೊಡಬೇಕಾದ ಮೊದಲ ಬಿಡುಗಡೆಯೆಂದರೆ ಬೇಡ ಎನ್ನುವ ಸ್ವಾತಂತ್ರ್ಯ. ರೆಡ್ ಕ್ರಾಸ್ ಮತ್ತು ಇತರ ನೆರವು ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ಆಚಾರಸಂಹಿತೆಯೂ, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸಬಾರದು ಎನ್ನುತ್ತದೆ; ಆ ಸಂಹಿತೆಗೆ ಸಹಿ ಹಾಕಿದವುಗಳಲ್ಲಿ ಹಲವು ಕ್ರೈಸ್ತ ಸಂಸ್ಥೆಗಳೂ ಇವೆ. ನಿಮ್ಮ ನಂಬಿಕೆಯನ್ನು ಮುಚ್ಚಿಡಬೇಕಾಗಿಲ್ಲ. ಯಾರಾದರೂ ತಾವಾಗಿ ಕೇಳಿದರೆ ಹೇಳಿ. ಊಟ, ಔಷಧ, ಹಾಸಿಗೆ ಇವು ಆ ಉತ್ತರವನ್ನು ಅವಲಂಬಿಸಿವೆ ಎಂಬ ಸಂದೇಹದ ನೆರಳೂ ಅವರ ಮೇಲೆ ಬೀಳದಂತೆ ನೋಡಿಕೊಳ್ಳಿ.

ಹಾಗಾದರೆ ಆ ಎರಡು ದಿನ ಏನು ಮಾಡುವುದು? ಸಿಬ್ಬಂದಿಯನ್ನು ಕೇಳಿ. ಇಂಥ ಧಾಮಗಳಲ್ಲಿ ಕೆಲಸ ಮಾಡುವವರು ಇನ್ನೊಬ್ಬರ ನೋವನ್ನು ದಿನವೂ ಹೊತ್ತು ಒಳಗಿನಿಂದಲೇ ಬಳಲುತ್ತಾರೆ, ರಜೆ ತೆಗೆದುಕೊಳ್ಳುವುದೇ ಇಲ್ಲ. ಅಡುಗೆಮನೆ, ಬಟ್ಟೆ ಒಗೆಯುವುದು, ಕಚೇರಿಯ ಕಡತಗಳು, ತೋಟದ ಕೆಲಸ, ಕೆಟ್ಟುನಿಂತ ಪಂಪು ಇವುಗಳನ್ನು ನಿಮ್ಮ ತಂಡದ ನಾಲ್ಕಾರು ಮಂದಿ ನೋಡಿಕೊಂಡರೆ, ಅಲ್ಲಿನ ಇಬ್ಬರಾದರೂ ಒಂದು ದಿನ ತಮ್ಮ ಮಕ್ಕಳೊಂದಿಗೆ ಇರಬಹುದು. ಲೆಕ್ಕಪತ್ರ ಬಲ್ಲವರು ನಿಮ್ಮಲ್ಲಿದ್ದರೆ ಅವರ ಎರಡು ದಿನ ಹದಿನೆಂಟು ಮಂದಿ ಹಾಡುವ ಎರಡು ದಿನಗಳಿಗಿಂತ ಹೆಚ್ಚು ಬೆಲೆ ಬಾಳುತ್ತವೆ. ಎಲ್ಲರಿಗೂ ಉಪಯೋಗಕ್ಕೆ ಬರುವ ತರಬೇತಿಯೆಂದರೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಗಾರ ಸಂಸ್ಥೆಗಳು 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಹೇಳಿರುವ ಮೂರು ಹೆಜ್ಜೆಗಳು: ನೋಡುವುದು, ಆಲಿಸುವುದು, ನೆರವು ಕೊಡಬಲ್ಲವರೊಂದಿಗೆ ಜೋಡಿಸುವುದು. ಮಾತಾಡುವಂತೆ ಒತ್ತಾಯಿಸಬಾರದೆಂದು ಆ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಹೊರಡುವ ಮೊದಲೇ ಇಡೀ ತಂಡ ಅದನ್ನು ಕಲಿಯಲಿ.

ಸಾಲಕ್ಕೆ ಸಿಕ್ಕಿ ದುಡಿಯುವ ಕುಟುಂಬಗಳ ವಿಷಯಕ್ಕೆ ಬರುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಅದರ ಸಹಭಾಗಿ ಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2021ರಲ್ಲಿ ಲೋಕದಲ್ಲಿ ಸುಮಾರು 5 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು. ಅವರಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿ, 2.2 ಕೋಟಿ ಜನ ಬಲವಂತದ ಮದುವೆಯಲ್ಲಿ ಸಿಲುಕಿದ್ದವರು. ಬಲವಂತದ ದುಡಿಮೆಯಲ್ಲಿದ್ದವರಲ್ಲಿ ಲೈಂಗಿಕ ವ್ಯಾಪಾರಕ್ಕೆ ಸಿಕ್ಕವರು 63 ಲಕ್ಷ. ಎಂದರೆ, ಸಭೆಗಳ ಗಮನ ಹೆಚ್ಚಾಗಿ ಹರಿಯುವ ವೇಶ್ಯಾಗೃಹಗಳ ಆಚೆಗೆ, ಗಣಿ, ಇಟ್ಟಿಗೆ ಗೂಡು, ಹೊಲ, ಕಾರ್ಖಾನೆ, ದೋಣಿ, ಮನೆಗೆಲಸಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಜನ ಸಿಕ್ಕಿಬಿದ್ದಿದ್ದಾರೆ. ಅನೇಕ ಕಡೆ ಅವರನ್ನು ಹಿಡಿದಿಡುವುದು ಸರಪಳಿಯಲ್ಲ, ಲೆಕ್ಕದ ಪುಸ್ತಕ. ಕಾಯಿಲೆಗೋ ಮದುವೆಗೋ ಮುಂಗಡ ಹಣ ತೆಗೆದುಕೊಳ್ಳುತ್ತಾರೆ. ದುಡಿದು ತೀರಿಸುವುದೆಂದು ಮಾತಾಗುತ್ತದೆ. ಪುಸ್ತಕ ಸಾಲ ಕೊಟ್ಟವನ ಬಳಿಯಲ್ಲಿರುತ್ತದೆ. ಊಟ, ವಸತಿ, ತಪ್ಪಿಸಿಕೊಂಡ ದಿನಗಳು ಎಲ್ಲವೂ ಸಾಲಕ್ಕೆ ಸೇರುತ್ತವೆ. ತಂದೆ ತೀರಿಕೊಂಡರೆ ಮಗ ಆ ಪುಟಕ್ಕೆ ವಾರಸುದಾರನಾಗುತ್ತಾನೆ. ಇದೇ ಜೀತ.

ಇಂಥ ಕೇರಿಯಲ್ಲಿ ಯುವಕರಿಗೆ ಎರಡು ಪ್ರಲೋಭನೆಗಳಾಗುತ್ತವೆ. ಒಂದು, ಹಣ ಕೂಡಿಸಿ ಸಾಲ ತೀರಿಸಿ ಯಾರನ್ನಾದರೂ ಬಿಡಿಸೋಣ ಎಂಬುದು. 1990ರ ದಶಕದಲ್ಲಿ ಸುಡಾನಿನಲ್ಲಿ ಯುದ್ಧದ ವೇಳೆ ಸೆರೆಯಾಗಿ ಗುಲಾಮರಾದವರನ್ನು ಕೆಲವು ಕ್ರೈಸ್ತ ಗುಂಪುಗಳು ಹಣ ಕೊಟ್ಟು ಬಿಡಿಸತೊಡಗಿದಾಗ, ಅದು ಮನುಷ್ಯರ ಮಾರಾಟಕ್ಕೆ ಇನ್ನಷ್ಟು ಹಣ ಹರಿಸುತ್ತದೆಂದು ಯುನಿಸೆಫ್ ಆಕ್ಷೇಪಿಸಿತು. ಅನ್ಯಾಯದ ಸಾಲವನ್ನು ತೀರಿಸುವುದೆಂದರೆ ಅದು ನ್ಯಾಯವಾದ ಸಾಲವೆಂದು ಒಪ್ಪಿಕೊಂಡಂತೆಯೂ ಆಗುತ್ತದೆ. ಎರಡನೆಯದು, ಮೊಬೈಲಿನಲ್ಲಿ ಗುಟ್ಟಾಗಿ ಚಿತ್ರ ತೆಗೆದು ಮಾಲೀಕನನ್ನು ಬಯಲಿಗೆಳೆಯೋಣ ಎಂಬುದು. ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯವನ್ನು ಈ ಕಣ್ಣಿನಿಂದ ಓದಿ ನೋಡಿ. ಫಿಲಿಪ್ಪಿಯಲ್ಲಿ ಕಣಿ ಹೇಳಿ ಯಜಮಾನರಿಗೆ ಬಹಳ ಲಾಭ ತರುತ್ತಿದ್ದ ದಾಸಿಯೊಬ್ಬಳನ್ನು ಪೌಲನು ಆ ದುರಾತ್ಮದಿಂದ ಬಿಡಿಸಿದ ಕೂಡಲೇ, ತಮ್ಮ ಆದಾಯದ ನಿರೀಕ್ಷೆ ಹೋಯಿತೆಂದು ಕಂಡ ಯಜಮಾನರು ಪೌಲ ಮತ್ತು ಸೀಲರನ್ನು ಹಿಡಿದು ಅಧಿಕಾರಿಗಳ ಬಳಿಗೆ ಎಳೆದೊಯ್ದರು. ಅವರು ಪೆಟ್ಟು ತಿಂದರು, ಸೆರೆಮನೆ ಸೇರಿದರು. ಶೋಷಣೆಯ ಬುಡದಲ್ಲಿ ಲಾಭವಿರುತ್ತದೆ, ಆ ಲಾಭಕ್ಕೆ ಕೈಹಾಕಿದವರಿಗೆ ಪೆಟ್ಟು ಬೀಳುತ್ತದೆ ಎಂಬುದನ್ನು ಆ ಭಾಗ ಎಷ್ಟು ನೇರವಾಗಿ ಹೇಳುತ್ತದೆ! ಪೌಲ, ಸೀಲರು ಪೆಟ್ಟು ತಾವೇ ತಿಂದರು. ನೀವು ತೆಗೆದ ಚಿತ್ರಕ್ಕೆ ಪೆಟ್ಟು ತಿನ್ನುವವರು ನೀವು ವಿಮಾನ ಹತ್ತಿದ ಮೇಲೆ ಅಲ್ಲಿಯೇ ಉಳಿಯುವ ಕೂಲಿಯವರು. ಆ ದಾಸಿಗೆ ಮುಂದೇನಾಯಿತೆಂದು ಆ ಅಧ್ಯಾಯ ಹೇಳುವುದಿಲ್ಲ. ಲಾಭ ತರದ ದಾಸಿಯನ್ನು ಆ ಯಜಮಾನರು ಹೇಗೆ ನಡೆಸಿಕೊಂಡಿರಬಹುದೆಂಬ ಪ್ರಶ್ನೆಯನ್ನು ನಿಮ್ಮ ತಂಡದ ಅಧ್ಯಯನದಲ್ಲಿ ಒಂದು ಸಂಜೆ ಎತ್ತಿಕೊಳ್ಳಿ. ಬಿಡುಗಡೆಯ ಕೆಲಸಕ್ಕೆ ವಕೀಲರು, ಸಾಕ್ಷ್ಯ, ಅಧಿಕಾರಿಗಳ ಆದೇಶ, ಬಿಡುಗಡೆಯಾದ ದಿನವೇ ಮಲಗಲು ಜಾಗ, ಮರುದಿನದಿಂದ ದುಡಿಮೆ ಎಲ್ಲವೂ ಬೇಕು, ಅದು ತಿಂಗಳುಗಳ ಮತ್ತು ವರ್ಷಗಳ ಕೆಲಸ. ನೀವು ಕಂಡದ್ದನ್ನು ಅತಿಥೇಯ ಸಂಸ್ಥೆಯ ಹೊಣೆಗಾರರಿಗೆ ಮಾತ್ರ ಹೇಳಿ, ಮುಂದಿನದನ್ನು ಅವರಿಗೆ ಬಿಡಿ.

ವೈದ್ಯಕೀಯ ಶಿಬಿರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಿಮ್ಮ ಊರಿನಲ್ಲಿ ಯಾವ ಚಿಕಿತ್ಸೆ ಕೊಡಲು ನಿಮಗೆ ಪರವಾನಗಿ ಇಲ್ಲವೋ ಅದನ್ನು ಬಡವರ ಮೇಲೂ ಮಾಡಬೇಡಿ. ಅಲ್ಲಿನ ಆರೋಗ್ಯ ಕೇಂದ್ರದ ಒಪ್ಪಿಗೆಯಿಲ್ಲದೆ ಶಿಬಿರ ನಡೆಸಬೇಡಿ, ಬರೆದ ಚೀಟಿಯ ಒಂದು ಪ್ರತಿಯನ್ನು ಅವರಿಗೆ ಕೊಡಿ, ಏಕೆಂದರೆ ರಕ್ತದೊತ್ತಡದ ಮಾತ್ರೆ ಮುಗಿದ ದಿನ ರೋಗಿ ಹೋಗುವುದು ಅಲ್ಲಿಗೆ. ದಾನವಾಗಿ ಕೊಡುವ ಔಷಧಗಳಿಗೆ ಆ ದೇಶ ತಲುಪಿದ ಮೇಲೆ ಕನಿಷ್ಠ ಒಂದು ವರ್ಷದ ಬಾಳಿಕೆ ಉಳಿದಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುವ ಅಭ್ಯಾಸವನ್ನು ದಯವಿಟ್ಟು ನಿಲ್ಲಿಸಿ.

ಮನೆ ಕಟ್ಟುವ ವಿಷಯ ನಿಮ್ಮ ಹಿರಿಯರ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ನೆಲಕ್ಕೊರಗಿಸಿದ ಮೇಲೆ ಉತ್ತರ ಅಮೆರಿಕದ ಸಭೆಗಳ ತಂಡಗಳು ಅಲ್ಲಿಗೆ ಹೋಗಿ ಮನೆಗಳನ್ನು ಕಟ್ಟಿದವು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಬಳಿಕ ಅಧ್ಯಯನ ಮಾಡಿದಾಗ, ಪ್ರಯಾಣವೂ ಸೇರಿ ತಂಡಗಳು ಕಟ್ಟಿದ ಒಂದು ಮನೆಗೆ ತಗುಲಿದ ವೆಚ್ಚ ಸುಮಾರು 30,000 ಡಾಲರ್, ಅಲ್ಲಿಯವರೇ ಕಟ್ಟಿದ ಅಂಥದ್ದೇ ಮನೆಗೆ ಸುಮಾರು 2,000 ಡಾಲರ್ ಎಂದು ಕಂಡುಬಂದಿತು. ಮನೆ ಪಡೆದ ಕುಟುಂಬಗಳ ಬದುಕಿನಲ್ಲಿ, ಯಾರು ಕಟ್ಟಿದರೆಂಬುದರಿಂದ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. ಗಾರೆ ಕೆಲಸ ಬಲ್ಲವರು ಕೂಲಿಗಾಗಿ ಕಾಯುತ್ತಿರುವ ಊರಿನಲ್ಲಿ, ಇಟ್ಟಿಗೆ ಹಿಡಿದು ಗೊತ್ತಿಲ್ಲದ ಹದಿನೆಂಟು ಮಂದಿ ಗೋಡೆ ಎಬ್ಬಿಸುವುದಕ್ಕೆ ಸಮರ್ಥನೆ ಕಷ್ಟ. ಆ ಬಡ ಕೂಲಿಯವರೂ ಅವರ ಮಕ್ಕಳೂ ನೋಡುತ್ತಿರುವಾಗ ಅವರ ಬಾಗಿಲಲ್ಲಿ ಅವರ ಕೂಲಿಯನ್ನೇ ನಾವು ಪುಕ್ಕಟೆಯಾಗಿ ಮಾಡಿದಂತಾಗುತ್ತದೆ.

ಆದರೂ ಹಿರಿಯರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಮುಖ ನೋಡದೆ ಕಳುಹಿಸಿದ ಹಣ ಬಹಳ ವರ್ಷ ಹರಿಯುವುದಿಲ್ಲ ಎಂಬುದು ನಾನು ಹತ್ತಾರು ಸಭೆಗಳಲ್ಲಿ ಕಂಡ ಸಂಗತಿ. ಒಂದು ಆರಾಧನೆಯಲ್ಲಿ ಕಾಣಿಕೆ ಕೂಡುತ್ತದೆ, ಎರಡನೆಯ ವರ್ಷ ಮರೆತುಹೋಗುತ್ತದೆ. ಹೋಗಿ ನೋಡಿ, ಅವರ ಮನೆಯಲ್ಲಿ ಉಂಡು, ಅವರ ಹೆಸರು ಹಿಡಿದು ಪ್ರಾರ್ಥಿಸುವವರು ಸಭೆಯಲ್ಲಿ ನಾಲ್ಕು ಮಂದಿಯಿದ್ದರೆ ಮರೆಯಲು ಬಿಡುವುದಿಲ್ಲ. ಆದ್ದರಿಂದ ನನ್ನ ಸಲಹೆ ಹೀಗಿದೆ: ಹದಿನೆಂಟರ ಬದಲು ಐದಾರು ಮಂದಿ ಹೋಗಿ, ಅತಿಥೇಯರು ಕೇಳಿದ ಕೌಶಲವಿರುವವರನ್ನೂ ಭಾಷೆ ಕಲಿಯಲು ಸಿದ್ಧರಿರುವವರನ್ನೂ ಆರಿಸಿ, ಉಳಿದ ಹನ್ನೆರಡು ಮಂದಿಯ ಪ್ರಯಾಣದ ಹಣವನ್ನು ಮೂರು ವರ್ಷಗಳಿಗೆ ಹಂಚಿ ಅಲ್ಲಿನ ಒಬ್ಬ ಕಾರ್ಯಕರ್ತೆಯ ಸಂಬಳಕ್ಕೆ ಕೊಡಿ, ಮರುವರ್ಷ ಅದೇ ಐದಾರು ಮಂದಿ ಅಲ್ಲಿಗೇ ಹಿಂದಿರುಗಿ. ಕಟ್ಟಡಕ್ಕೆ ಕೊಡುವವರು ಎಷ್ಟೋ ಜನ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಸಂಬಳಕ್ಕೆ ಕೊಡುವವರು ಅಪರೂಪ, ಆದರೆ ಛತ್ರ ನಡೆಯುವುದು ಛತ್ರದವನು ಇದ್ದರೆ ಮಾತ್ರ. ಐರ್ಲೆಂಡಿನ ಮಿಷನರಿ ಏಮಿ ಕಾರ್ಮೈಕಲ್ 1895ರಲ್ಲಿ ಭಾರತಕ್ಕೆ ಬಂದವರು ತಮ್ಮ ನಾಡಿಗೆ ಒಮ್ಮೆಯೂ ಹಿಂದಿರುಗದೆ 1951ರಲ್ಲಿ ತಮಿಳುನಾಡಿನ ದೋಹ್ನಾವೂರಿನಲ್ಲಿಯೇ ತೀರಿಕೊಂಡರು. 1901ರಲ್ಲಿ ದೇವಸ್ಥಾನಕ್ಕೆ ಒಪ್ಪಿಸಲ್ಪಟ್ಟಿದ್ದ ಏಳು ವರ್ಷದ ಹುಡುಗಿಯೊಬ್ಬಳು ತಪ್ಪಿಸಿಕೊಂಡು ಅವರ ಬಳಿಗೆ ಓಡಿಬಂದಳು. ಓಡಿಬರಲು ಒಂದು ಬಾಗಿಲಿತ್ತು, ಆ ಬಾಗಿಲಲ್ಲಿ ಐದು ವರ್ಷದಿಂದ ಈ ದೇಶದಲ್ಲಿದ್ದು ಅಲ್ಲಿನ ಮಾತು ಬಲ್ಲ ಒಬ್ಬಾಕೆ ಇದ್ದಳು. ಎಲ್ಲರೂ ಹಾಗೆ ಐವತ್ತೈದು ವರ್ಷ ಉಳಿಯಲಾರರು, ಅದು ನಿಮ್ಮ ಕರೆಯೂ ಅಲ್ಲದಿರಬಹುದು. ಹಾಗೆ ಉಳಿದಿರುವವರ ಕೈ ಬಲಪಡಿಸುವುದು ಮಾತ್ರ ನಿಮ್ಮಿಂದ ಆಗುವ ಕೆಲಸ.

ತಂಡದ ನಡವಳಿಕೆಯ ಕೆಲವು ನಿಯಮಗಳನ್ನು ಹೊರಡುವ ಮೊದಲೇ ಬರೆದು ಎಲ್ಲರಿಂದ ಸಹಿ ಪಡೆಯಿರಿ. ಪ್ರತಿಯೊಬ್ಬರ ಹಿನ್ನೆಲೆಯ ಬಗ್ಗೆ ಪೊಲೀಸ್ ಪ್ರಮಾಣಪತ್ರವಿರಲಿ, ಸಭಾಪಾಲಕರೂ ಇದಕ್ಕೆ ಹೊರತಲ್ಲ. ಯಾವ ಮಗುವಿನ ಜೊತೆಗೂ ಒಬ್ಬರೇ ಇರಬಾರದು. ಸ್ವಂತ ಉಡುಗೊರೆ, ಫೋನ್ ನಂಬರು, ಸಾಮಾಜಿಕ ಜಾಲತಾಣದ ಗೆಳೆತನ ಯಾವುದೂ ಬೇಡ. ಫೋಟೋಗಳ ವಿಷಯದಲ್ಲಿ ನಾನು ಕಠಿಣ: ಅಳುವ ಮುಖ, ಹರಿದ ಬಟ್ಟೆ, ನಿಮ್ಮ ತೊಡೆಯ ಮೇಲಿನ ಮಗು, ಇಂಥ ಒಂದು ಚಿತ್ರವೂ ಹಿಂದಿರುಗಿ ಬರಬಾರದು. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಎಂದ ಯೇಸುವಿನ ಮಾತು ಪರದೆಯ ಮೇಲೆ ತೋರಿಸುವ ವರದಿಗೂ ಅನ್ವಯಿಸುತ್ತದೆ. ನಿಮ್ಮ ಸಭೆಗೆ ಚಿತ್ರ ಬೇಕೇ ಬೇಕೆಂದರೆ ಅಲ್ಲಿನ ಸಿಬ್ಬಂದಿ ತಾವೇ ಆರಿಸಿ ಕೊಟ್ಟದ್ದನ್ನು ತೋರಿಸಿ.

ಹಿಂದಿರುಗಿದ ಮೇಲೆ ಮಾಡಬೇಕಾದ ಕೆಲಸವೊಂದನ್ನು ನಿಮ್ಮ ಕಾರ್ಯಕ್ರಮದಲ್ಲಿ ನಾನು ಕಾಣಲಿಲ್ಲ. ಬಲವಂತದ ದುಡಿಮೆಯನ್ನು ಗುರುತಿಸಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹನ್ನೊಂದು ಲಕ್ಷಣಗಳನ್ನು ಪಟ್ಟಿ ಮಾಡಿದೆ. ಗುರುತಿನ ಕಾಗದಗಳನ್ನು ಕಿತ್ತಿಟ್ಟುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಹೊರಗೆ ಹೋಗಲು ಬಿಡದಿರುವುದು, ಮೋಸದ ಭರವಸೆ, ಸಾಲದ ಬಂಧನ, ಮಿತಿಮೀರಿದ ದುಡಿಮೆ ಇವು ಅವುಗಳಲ್ಲಿ ಕೆಲವು. ತಂಡ ಆ ಪಟ್ಟಿಯನ್ನು ದೂರದ ದೇಶದಲ್ಲಿ ಕಲಿಯಲಿ, ನಂತರ ಅದನ್ನು ಹಿಡಿದುಕೊಂಡು ತನ್ನ ಬೀದಿಯಲ್ಲಿ ನಡೆಯಲಿ. ಸಭೆಯ ಕಟ್ಟಡ ಕಟ್ಟುತ್ತಿರುವ ಗುತ್ತಿಗೆದಾರನ ಕೂಲಿಯವರು, ವಿಶ್ವಾಸಿಗಳ ಮನೆಗಳಲ್ಲಿ ಹಗಲಿರುಳು ದುಡಿಯುವ ಹುಡುಗಿಯರು, ಬೇರೆ ಊರಿಂದ ಬಂದು ಮಾತು ಬಾರದೆ ನಿಂತಿರುವ ಕಾವಲುಗಾರ, ಇವರಲ್ಲಿ ಯಾರಿಗಾದರೂ ಆ ಲಕ್ಷಣಗಳು ಹೊಂದುತ್ತವೆಯೇ ಎಂದು ನೋಡಲಿ. ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ ಹೇಳುವುದು ಮನೆಯ ಯಜಮಾನನಿಗೆ. ಇದನ್ನು ಸಭೆಯಲ್ಲಿ ಹೇಳುವುದು ವಿಮಾನ ಹತ್ತುವುದಕ್ಕಿಂತ ಕಷ್ಟದ ಕೆಲಸ, ಕೆಲವರು ಮುನಿಸಿಕೊಳ್ಳುತ್ತಾರೆ. ಅಲ್ಲಿ ಹೋಗಿಬಂದ ಐದಾರು ಮಂದಿಗೆ ಇದನ್ನು ಹೇಳುವ ಧೈರ್ಯ ಬಂದಿದ್ದರೆ ಆ ಯಾತ್ರೆಯ ಖರ್ಚನ್ನು ನಾನು ಪ್ರಶ್ನಿಸುವುದಿಲ್ಲ.

ಟಿಕೆಟ್ ಕೊಳ್ಳುವ ಮೊದಲು ಅತಿಥೇಯ ಸಂಸ್ಥೆಯವರಿಗೆ ಇನ್ನೊಂದು ಪತ್ರ ಬರೆಯಿರಿ. ನಾವು ಬರದೆ ಇದ್ದರೆ ನಿಮಗೆ ಅನುಕೂಲವೇ, ಹಾಗಿದ್ದರೆ ಸಂಕೋಚವಿಲ್ಲದೆ ಹೇಳಿ, ನಮ್ಮ ಕಾಣಿಕೆ ಅದರಿಂದ ಕಡಿಮೆಯಾಗುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ತಿಳಿಸಿ, ಸಭೆಯ ಹಿರಿಯರಿಂದಲೂ ಸಭಾಪಾಲಕರಿಂದಲೂ ಸಹಿ ಹಾಕಿಸಿ ಕಳುಹಿಸಿ. ಹಣ ಕೊಡುವವರಿಗೆ ಬೇಡ ಎನ್ನುವುದು ಬಡ ಸಂಸ್ಥೆಗಳಿಗೆ ಬಹಳ ಕಷ್ಟ, ಆದ್ದರಿಂದ ಉತ್ತರ ಬರಲು ತಡವಾಗಬಹುದು. ಆ ಉತ್ತರ ಬಂದ ಮೇಲೆ ತಂಡವನ್ನು ಕೂಡಿಸಿ, ದಿನಾಂಕ ನಿಶ್ಚಯಿಸಿ.